ವಿಕಿಮೀಡಿಯ ಕಾಮನ್ಸ್‌ಗೆ ಎಪಿಐ ಮೂಲಕ ಕಡತಗಳ ಅಪ್‌ಲೋಡ್

ಎಪಿಐ ಮೂಲಕ ಕಡತಗಳ ಅಪ್‌ಲೋಡ್ ಎಂಬುದು ಜಾಲತಾಣದ ಪುಟವನ್ನು ತೆರೆದು ಕಡತಗಳನ್ನು ಕೈಯಿಂದ ಆರಿಸುವ ಬದಲು, ಪ್ರೋಗ್ರಾಮ್ ಒಂದರ ಮೂಲಕ ಅವುಗಳನ್ನು ನೇರವಾಗಿ ಸರ್ವರ್‌ಗೆ ಕಳುಹಿಸುವ ವಿಧಾನ. ಎಪಿಐ ಎಂದರೆ ಒಂದು ತಂತ್ರಾಂಶವು ಇನ್ನೊಂದರೊಡನೆ ವ್ಯವಹರಿಸಲು ನಿಗದಿಪಡಿಸಿದ ನಿಯಮಗಳ ವ್ಯವಸ್ಥೆ. ಚಿತ್ರ, ಧ್ವನಿ, ವಿಡಿಯೊ ಮತ್ತು ಪುಸ್ತಕಗಳ ಮುಕ್ತ ಭಂಡಾರವಾದ ವಿಕಿಮೀಡಿಯ ಕಾಮನ್ಸ್ 2004ರ ಸೆಪ್ಟೆಂಬರ್ 7ರಂದು ಆರಂಭವಾಯಿತು. ಅದರ ಆಧಾರವಾದ ಮೀಡಿಯಾವಿಕಿ ತಂತ್ರಾಂಶವು ಈ ಸೌಲಭ್ಯವನ್ನು ಒದಗಿಸುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಬಳಕೆಯಾಗುವ ಸ್ಕ್ಯಾನ್ ಮಾಡಿದ ಪುಸ್ತಕಗಳನ್ನೂ ಕಾಮನ್ಸ್‌ಗೆ ಸೇರಿಸಲಾಗುತ್ತದೆ.

ಕಾರ್ಯವಿಧಾನ

ಮೊದಲು ಪ್ರೋಗ್ರಾಮ್ ಬಳಕೆದಾರರ ಖಾತೆಯಿಂದ ಲಾಗಿನ್ ಆಗಬೇಕು. ಅನಂತರ ಸರ್ವರ್‌ನಿಂದ ಸಿಎಸ್‌ಆರ್‌ಎಫ್ ಟೋಕನ್ ಎಂಬ ರಹಸ್ಯ ಸಂಕೇತವನ್ನು ಪಡೆಯಬೇಕು. ಬೇರೊಂದು ಜಾಲತಾಣವು ಬಳಕೆದಾರರ ಅರಿವಿಲ್ಲದೆ ಅವರ ಹೆಸರಿನಲ್ಲಿ ಕೋರಿಕೆ ಸಲ್ಲಿಸುವುದನ್ನು ಇದು ತಡೆಯುತ್ತದೆ. ಕೊನೆಯಲ್ಲಿ ಕಡತ, ಅದರ ಹೆಸರು, ವಿವರಣೆ ಹಾಗೂ ಟೋಕನ್‌ಗಳನ್ನು ಎಚ್‌ಟಿಟಿಪಿಯ ಪೋಸ್ಟ್ ವಿಧಾನದಲ್ಲಿ ಒಟ್ಟಿಗೆ ಕಳುಹಿಸಲಾಗುತ್ತದೆ. ಇದಕ್ಕೆ ಮಲ್ಟಿಪಾರ್ಟ್ ಫಾರ್ಮ್-ಡೇಟಾ ಎಂಬ ವಿನ್ಯಾಸ ಬಳಕೆಯಲ್ಲಿದೆ. 1995ರ ಆರ್‌ಎಫ್‌ಸಿ 1867 ಇದನ್ನು ವಿವರಿಸಿತು. ಪೈಥಾನ್ ಭಾಷೆಯಲ್ಲಿ ರಚಿತವಾದ ಪೈವಿಕಿಬಾಟ್ ಈ ಹಂತಗಳನ್ನೆಲ್ಲ ತಾನೇ ನಿರ್ವಹಿಸುತ್ತದೆ.

ದೊಡ್ಡ ಕಡತಗಳು

ನೂರಾರು ಪುಟಗಳ ಪುಸ್ತಕವನ್ನು ಒಂದೇ ಬಾರಿಗೆ ಕಳುಹಿಸುವಾಗ ಸಂಪರ್ಕ ಕಡಿದುಹೋದರೆ ಇಡೀ ಕೆಲಸವನ್ನು ಪುನಃ ಆರಂಭಿಸಬೇಕಾಗುತ್ತದೆ. ಆದ್ದರಿಂದ ದೊಡ್ಡ ಕಡತವನ್ನು ತುಂಡುಗಳಾಗಿ ಕಳುಹಿಸಲು ಅವಕಾಶವಿದೆ. ಮೊದಲ ತುಂಡು ತಲುಪಿದಾಗ ಸರ್ವರ್ ಒಂದು ಕೀಲಿಯನ್ನು ನೀಡುತ್ತದೆ. ಮುಂದಿನ ಪ್ರತಿ ತುಂಡಿನೊಡನೆ ಆ ಕೀಲಿಯನ್ನೂ, ಆ ತುಂಡು ಕಡತದ ಎಷ್ಟನೆಯ ಬೈಟ್‌ನಿಂದ ಆರಂಭವಾಗುತ್ತದೆ ಎಂಬುದನ್ನೂ ತಿಳಿಸಬೇಕು. ತುಂಡುಗಳು ತಾತ್ಕಾಲಿಕ ಸಂಗ್ರಹದಲ್ಲಿರುತ್ತವೆ. ಅಂತಿಮ ಕೋರಿಕೆ ಬಂದ ಮೇಲೆಯೇ ಕಡತ ಪ್ರಕಟವಾಗುತ್ತದೆ.

ಎಚ್ಚರಿಕೆಗಳು

ಅದೇ ಹೆಸರಿನ ಕಡತ ಈಗಾಗಲೇ ಇದ್ದರೆ ಅಥವಾ ಅದೇ ಕಡತ ಬೇರೆ ಹೆಸರಿನಲ್ಲಿದ್ದರೆ ಸರ್ವರ್ ಅಪ್‌ಲೋಡನ್ನು ತಡೆದು ಎಚ್ಚರಿಕೆ ನೀಡುತ್ತದೆ. ಎಚ್ಚರಿಕೆಗಳನ್ನು ಕಡೆಗಣಿಸುವಂತೆ ಪ್ರೋಗ್ರಾಮ್‌ನಲ್ಲಿಯೇ ಸೂಚಿಸಬಹುದಾದರೂ, ಹಾಗೆ ಮಾಡಿದರೆ ಹಳೆಯ ಕಡತದ ಸ್ಥಾನದಲ್ಲಿ ಸಂಬಂಧವಿಲ್ಲದ ಕಡತ ಕಾಣಿಸಿಕೊಳ್ಳುವ ಅಪಾಯವಿದೆ.

ಕೃತಿಸ್ವಾಮ್ಯ

ಯಶಸ್ವಿಯಾಗಿದೆ ಎಂಬ ಉತ್ತರವು ಕಡತ ತಲುಪಿದ್ದಕ್ಕೆ ಮಾತ್ರ ಸಾಕ್ಷಿ; ಅದನ್ನು ಸೇರಿಸುವ ಹಕ್ಕು ಬಳಕೆದಾರರಿಗೆ ಇದೆಯೇ ಎಂಬುದನ್ನು ಎಪಿಐ ನಿರ್ಧರಿಸುವುದಿಲ್ಲ. ಭಾರತದಲ್ಲಿ ಲೇಖಕರ ಜೀವಿತಕಾಲದಲ್ಲಿ ಪ್ರಕಟವಾದ ಪುಸ್ತಕದ ಕೃತಿಸ್ವಾಮ್ಯವು ಸಾಮಾನ್ಯವಾಗಿ ಅವರ ಮರಣಾನಂತರ 60 ವರ್ಷಗಳವರೆಗೆ ಇರುತ್ತದೆ. ಕಾಮನ್ಸ್‌ನ ನಿಯಮದಂತೆ ಕೃತಿಯು ಮೂಲ ದೇಶದಲ್ಲಿಯೂ ಅಮೆರಿಕದಲ್ಲಿಯೂ ಮುಕ್ತವಾಗಿರಬೇಕು. ಪ್ರೋಗ್ರಾಮ್ ಒಂದೇ ಬಾರಿಗೆ ನೂರಾರು ಕಡತಗಳನ್ನು ಸೇರಿಸಬಲ್ಲದಾದ್ದರಿಂದ, ಪರವಾನಗಿಯಲ್ಲಿನ ಒಂದು ತಪ್ಪು ಅಷ್ಟೂ ಕಡತಗಳ ಅಳಿಸುವಿಕೆಗೆ ಕಾರಣವಾಗಬಹುದು.