ಹಂಪೆಯ ಹೊಳೆಗೊಂದು ಸೇತುವೆ

ಹಂಪೆಗೆ ಹೋದವರೆಲ್ಲ ವಿಠ್ಠಲನ ಗುಡಿಯ ಕಲ್ಲಿನ ರಥವನ್ನು ನೋಡಿಯೇ ಬರುತ್ತಾರೆ. ಅಲ್ಲಿಂದ ಪುರಂದರ ಮಂಟಪದತ್ತ ಹೊಳೆಯ ಅಂಚಿಗೆ ಇಳಿಯುವವರು ಮಾತ್ರ ಕಡಿಮೆ. ನೀವು ಇಳಿದಿದ್ದರೆ, ತುಂಗಭದ್ರೆಯ ನಡುವೆ ಸಾಲಾಗಿ ನಿಂತ ಕಲ್ಲುಗಂಬಗಳನ್ನು ಕಂಡಿರಬೇಕು. ವಿಜಯನಗರದವರು ಕಟ್ಟಿದ ಸೇತುವೆಯೊಂದರ ಅವಶೇಷ ಅದು. ಸೇತುವೆ ಹೋಯಿತು, ಹೊಳೆ ದಾಟುವ ಅಗತ್ಯ ಹೋಗಲಿಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಬೆತ್ತದಿಂದ ಹೆಣೆದು ಹೊರಗೆ ತೊಗಲು ಹೊದಿಸಿದ, ಬುಟ್ಟಿಯಂತೆ ದುಂಡಗಿನ ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ಒಂದೊಂದರಲ್ಲಿ ಹದಿನೈದು ಇಪ್ಪತ್ತು ಜನ ಕೂಡುತ್ತಿದ್ದರಂತೆ. ನಮ್ಮ ಹರಿಗೋಲೇ ಅದು. ನಾನೂರೈವತ್ತು ವರ್ಷಗಳ ಮೇಲೂ ಆನೆಗೊಂದಿಯವರು ತಳವಾರಘಟ್ಟದಲ್ಲಿ ಆ ಹರಿಗೋಲಿನಲ್ಲೇ ದಾಟುತ್ತಿದ್ದರು. ಹೊಳೆ ತುಂಬಿ ಬಂದರೆ ಅದೂ ಇಲ್ಲ. ಮೈಲಿಗಟ್ಟಲೆ ಸುತ್ತಿ ಹೊಸಪೇಟೆ ಸೇರಬೇಕು. ಇಂಥ ಊರಿನವರು ಸೇತುವೆ ಬೇಕೆಂದರೆ ಅದು ಅತ್ಯಾಸೆ ಎಂದು ಯಾರು ತಾನೆ ಹೇಳಿಯಾರು?

ಆದರೆ ಹಂಪೆಯಲ್ಲಿ ಒಂದು ಗುಂಡಿ ತೋಡುವುದೂ ಸುಲಭವಲ್ಲ. ಏಕೆಂದು ತಿಳಿಯಲು ಕಾನೂನಿನ ಕಥೆಯನ್ನು ಕೊಂಚ ಹಿಂದಿನಿಂದ ಹೇಳಬೇಕು. ಕರ್ಜನ್ ಸಾಹೇಬರ ಕಾಲದಲ್ಲಿ, 1904ರಲ್ಲಿ, ಪ್ರಾಚೀನ ಸ್ಮಾರಕಗಳ ರಕ್ಷಣೆಗೆ ಒಂದು ಕಾಯಿದೆ ಬಂತು. ಅದರ ದೃಷ್ಟಿ ಬಹುಮಟ್ಟಿಗೆ ಕಟ್ಟಡದ ಮೇಲೆಯೇ. ಗುಡಿ ಉಳಿದರೆ ಸಾಕು, ಅದರ ಪಕ್ಕದ ಬಯಲು ಏನಾದರೇನು ಎಂಬಂತೆ. ಸ್ವಾತಂತ್ರ್ಯಾನಂತರ 1958ರಲ್ಲಿ ಹೊಸ ಅಧಿನಿಯಮ, ಮರುವರ್ಷ ಅದರ ನಿಯಮಗಳು ಬಂದವು. 1992ರ ಜೂನ್‌ನಲ್ಲಿ ಹೊರಟ ಪ್ರಕಟಣೆ ಸ್ಮಾರಕದ ಸುತ್ತ ಗೆರೆ ಎಳೆಯಿತು: ಮೊದಲ 100 ಮೀಟರು ನಿಷೇಧಿತ, ಅದರಾಚೆಯ 200 ಮೀಟರು ನಿಯಂತ್ರಿತ. 2010ರ ತಿದ್ದುಪಡಿ ಆ ಗೆರೆಗಳನ್ನು ಕಾಯಿದೆಯೊಳಕ್ಕೇ ತಂದು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರವನ್ನು ನೇಮಿಸಿತು. ಆ ತಿದ್ದುಪಡಿಯ ಪ್ರಕಾರ, ಅರ್ಜಿ ಬಂದ 15 ದಿನಗಳೊಳಗೆ ಅಧಿಕಾರಿ ಅದನ್ನು ಪ್ರಾಧಿಕಾರಕ್ಕೆ ಕಳಿಸಬೇಕು. ಪ್ರಾಧಿಕಾರ ಎರಡು ತಿಂಗಳಲ್ಲಿ ತನ್ನ ಅಭಿಪ್ರಾಯ ತಿಳಿಸಬೇಕು. ಅದಾದ ಒಂದು ತಿಂಗಳಲ್ಲಿ ಅಧಿಕಾರಿ ಹೌದೆಂದೋ ಅಲ್ಲವೆಂದೋ ಹೇಳಬೇಕು. ಹೊಸ ಮನೆಯ ಮಾತಂತಿರಲಿ, ನಿಷೇಧಿತ ಗೆರೆಯೊಳಗೆ ಹಳೆಯ ಮನೆಯನ್ನು ದುರಸ್ತಿ ಮಾಡಿಸಲೂ ಇದೇ ದಾರಿ.

ಒಂಟಿ ಗುಡಿಯ ಸುತ್ತ ಇಂಥ ಗೆರೆ ಎಳೆದರೆ ಗೊಂದಲವಿಲ್ಲ. ಹಂಪೆ ಒಂದು ಗುಡಿಯಲ್ಲ, ಒಂದು ರಾಜಧಾನಿ. ಕೇಂದ್ರ ಪುರಾತತ್ವ ಇಲಾಖೆ ಕಾಯುವ ಸ್ಮಾರಕಗಳೇ ಐವತ್ತಕ್ಕೂ ಮೇಲಿವೆ. ಉಳಿದವು ರಾಜ್ಯದ ಪಾಲಿನವು. ಅವುಗಳ ನಡುವೆ ಬಾಳೆಯ ತೋಟ, ಬತ್ತದ ಗದ್ದೆ, ಕಮಲಾಪುರದಂಥ ಊರುಗಳು. ಅರಸರ ಕಾಲದ ತುರ್ತಾ ಕಾಲುವೆ ಈಗಲೂ ಗದ್ದೆಗೆ ನೀರುಣಿಸುತ್ತದೆ. ಒಂದೊಂದು ಮಂಟಪದ ಸುತ್ತಲೂ ನೂರು ಮೀಟರಿನ ವೃತ್ತ ಎಳೆದು ನೋಡಿ. ಒಂದರ ಮೇಲೊಂದು ಬಿದ್ದು, ರೈತನಿಗೆ ಕೊಟ್ಟಿಗೆ ಕಟ್ಟಲು ಎಲ್ಲಿ ಜಾಗ ಉಳಿದೀತು? ಅನುಮತಿ ಕೇಳೋಣವೆಂದರೆ ಕೇಂದ್ರದ ಇಲಾಖೆ, ರಾಜ್ಯದ ಇಲಾಖೆ, ಕಂದಾಯ, ಪಂಚಾಯಿತಿ. ಸಾಲದ್ದಕ್ಕೆ ಹೊಳೆಯ ಆಚೆ ಬೇರೊಂದು ಜಿಲ್ಲೆ. ನಾಲ್ಕು ಬಾಗಿಲಲ್ಲಿ ನಿಂತು ಸೋತವನು ಐದನೆಯ ಸಲ ಯಾರನ್ನೂ ಕೇಳದೆ ಗೋಡೆ ಎಬ್ಬಿಸುತ್ತಾನೆ. ಅದು ತಪ್ಪೇ, ಆದರೆ ಆ ತಪ್ಪಿನಲ್ಲಿ ಬಾಗಿಲುಗಳ ಪಾಲೂ ಇದೆ ಎಂದು ನನಗನಿಸುತ್ತದೆ.

ಈಗ ಸೇತುವೆಯ ಮಾತಿಗೆ ಬರೋಣ. ಹಂಪೆ 1986ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತ್ತು. ತೊಂಬತ್ತರ ದಶಕದಲ್ಲಿ ತಳವಾರಘಟ್ಟದಿಂದ ಆನೆಗೊಂದಿಗೆ ವಾಹನಗಳ ತೂಗುಸೇತುವೆ, ವಿರೂಪಾಪುರಗಡ್ಡೆಗೆ ಕಾಲುಸೇತುವೆ, ಎರಡರ ಕೆಲಸವೂ ಶುರುವಾಯಿತು. ಕಂಬಗಳು ಎದ್ದ ಮೇಲೆ ಗುಲ್ಲೆದ್ದಿತು. ಹೊಳೆ, ಬಂಡೆ, ಗುಡಿ ಕೂಡಿ ಆದ ನೋಟಕ್ಕೆ ಧಕ್ಕೆ ಎಂಬುದು ಒಂದು ಆಕ್ಷೇಪ. ಭಾರದ ಲಾರಿಗಳು ಪಾಳುಪಟ್ಟಣದ ನಡುವೆಯೇ ಓಡಾಡತೊಡಗುತ್ತವೆ ಎಂಬುದು ಇನ್ನೊಂದು. 1999ರಲ್ಲಿ ವಿಶ್ವ ಪರಂಪರೆ ಸಮಿತಿ ಹಂಪೆಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಹಾಕಿತು. ಕೆಲಸ ನಿಂತಿತು. ಕಾಲುಸೇತುವೆಯನ್ನು ಬಿಚ್ಚಿದರು. ದೊಡ್ಡ ಸೇತುವೆ ಮಾತ್ರ ಅತ್ತ ಮುಗಿಯದೆ, ಇತ್ತ ಅಳಿಯದೆ ನಿಂತುಬಿಟ್ಟಿತು. ಆನೆಗೊಂದಿಯವರು ಅದರ ನೆರಳಿನಲ್ಲೇ ಹರಿಗೋಲು ಹತ್ತುತ್ತಿದ್ದರು.

ಈ ಪೆಟ್ಟಿನಿಂದ ಒಂದು ಒಳ್ಳೆಯದಾಯಿತು. ಹಂಪೆಯ ಸುತ್ತಣ ಊರುಗಳನ್ನೆಲ್ಲ ಒಂದೇ ಯೋಜನೆಯೊಳಗೆ ತರಲು ರಾಜ್ಯದಲ್ಲಿ 2002ರ ಅಧಿನಿಯಮದ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಹುಟ್ಟಿತು. ನಿರ್ವಹಣೆಯ ಯೋಜನೆ, ವಾಹನಗಳಿಗೆ ಕಟ್ಟುಪಾಡು ಒಂದು ರೂಪಕ್ಕೆ ಬಂದವೆಂದು 2006ರಲ್ಲಿ ಹಂಪೆಯ ಹೆಸರು ಅಪಾಯದ ಪಟ್ಟಿಯಿಂದ ಹೊರಬಂತು. ನಿಂತಿದ್ದ ಸೇತುವೆಯ ಕೆಲಸವೂ ಮತ್ತೆ ಹಿಡಿಯಿತು. 2009ರ ಜನವರಿಯಲ್ಲಿ, ಇನ್ನೇನು ಮುಗಿಯಬೇಕು ಎನ್ನುವಾಗ, ಅದು ಕುಸಿದು ಹೊಳೆಗೆ ಬಿತ್ತು. ಮೇಲಿದ್ದ ಕೆಲಸಗಾರರು ಪ್ರಾಣ ಕಳೆದುಕೊಂಡರು. ನೋಟದ ವಾದ, ಲಾರಿಯ ವಾದ ಮಾಡಿದವರಾರೂ ಆ ಕೂಲಿಕಾರರನ್ನು ಲೆಕ್ಕಕ್ಕೆ ತಂದಿರಲಿಲ್ಲ.

ಇನ್ನೊಂದು ಸಂಗತಿಯನ್ನೂ ಮುಚ್ಚಿಡಬಾರದು. ಪ್ರಾಧಿಕಾರ ಬಂದ ಮಾತ್ರಕ್ಕೆ ಜನರ ಕಷ್ಟ ತೀರಲಿಲ್ಲ. ವಿರೂಪಾಕ್ಷನ ಗುಡಿಯ ಎದುರಿನ ಬಜಾರಿನ ಕಲ್ಲುಮಂಟಪಗಳಲ್ಲಿ ಅಂಗಡಿ, ಸಂಸಾರ ಹೂಡಿದ್ದವರನ್ನು 2011ರಲ್ಲಿ ತೆರವುಗೊಳಿಸಿದರು. ಮಂಟಪಗಳ ನಡುವೆ ಇಟ್ಟಿಗೆ ಗೋಡೆ ಎದ್ದದ್ದು ನಿಜ, ಕಲ್ಲಿಗೆ ಹಾನಿಯಾದದ್ದೂ ನಿಜ. ಆದರೆ ಆ ಬೀದಿ ಅರಸರ ಕಾಲದಿಂದಲೂ ಬಜಾರೇ. ಗೋಡೆ ತೆಗೆಸಿ ವ್ಯಾಪಾರವನ್ನು ಉಳಿಸುವ ಬಗೆ ಇರಲಿಲ್ಲವೇ? ವರ್ಷಗಟ್ಟಲೆ ಬೆಳೆಯಲು ಬಿಟ್ಟು ಒಂದು ದಿನ ಕೆಡವಿದ್ದನ್ನು ನನ್ನ ಮನಸ್ಸು ಒಪ್ಪುವುದಿಲ್ಲ.

ಆನೆಗೊಂದಿಯ ಕಡೆಯವರಿಗೆ ಕೊನೆಗೂ ಸೇತುವೆ ಸಿಕ್ಕಿತು. ಗುಡಿಗಳ ಮಗ್ಗುಲಲ್ಲಲ್ಲ, ಹೊಳೆಯ ಕೆಳಗಣ ದಿಕ್ಕಿನಲ್ಲಿ, ಬುಕ್ಕಸಾಗರಕ್ಕೂ ಕಡೇಬಾಗಿಲಿಗೂ ನಡುವೆ. ಮುಂದಿನ ಸಲ ಹಂಪೆಗೆ ಹೋದಾಗ ಆ ದಾರಿ ಹಿಡಿದು ಆನೆಗೊಂದಿಯನ್ನೂ ನೋಡಿಬನ್ನಿ.