ಢಾಕಾದ ಜಾಮ್ದಾನಿ: ಹೆಬ್ಬೆರಳಿನ ಕಥೆ ಮತ್ತು ಮುಂಗಡದ ಚರಿತ್ರೆ

ಚರಿತ್ರೆಯನ್ನು ಓದುವಾಗ ನಾವು ಅರಸರ ಹೆಸರುಗಳನ್ನು ಬಾಯಿಪಾಠ ಮಾಡುತ್ತೇವೆ. ಅವರ ಉಡುಪನ್ನು ನೆಯ್ದವರನ್ನು ಮರೆಯುತ್ತೇವೆ. ಬಂಗಾಳದ ಢಾಕಾ ಸೀಮೆಯ ಜಾಮ್ದಾನಿ ನೇಕಾರರು ಹಾಗೆ ಮರೆತುಹೋದವರು. ಶೀತಲಕ್ಷ್ಯ ನದಿಯ ಆಸುಪಾಸಿನ ರೂಪ್‌ಗಂಜ್, ಸೋನಾರ್‌ಗಾಂವ್‌ಗಳಲ್ಲಿ ಈ ಕಸುಬನ್ನು ಉಳಿಸಿಕೊಂಡವರಲ್ಲಿ ಬಹುಪಾಲು ಮುಸ್ಲಿಂ ಕುಟುಂಬಗಳೇ. ಸೋನಾರ್‌ಗಾಂವ್‌ನ ನಯವಾದ ಹತ್ತಿಬಟ್ಟೆಯನ್ನು ಅಬುಲ್ ಫಝಲ್ ತಮ್ಮ ಐನೆ ಅಕ್ಬರಿಯಲ್ಲಿ ಉಲ್ಲೇಖಿಸಿದ್ದಾರೆ.

ಜಾಮ್ದಾನಿ ಸೀರೆಯ ಹೂವು ಕಸೂತಿಯಲ್ಲ, ನೇಯ್ಗೆಯೇ. ಗುಂಡಿ ಮಗ್ಗದ ಮುಂದೆ ಉಸ್ತಾದ ಮತ್ತು ಶಾಗಿರ್ದ ಅಕ್ಕಪಕ್ಕ ಕೂರುತ್ತಾರೆ. ತೆಳುವಾದ ಹಾಸಿನಲ್ಲಿ ಹೂವು ಮೂಡಬೇಕಾದ ಕಡೆ ಮಾತ್ರ ಬೇರೆ ನೂಲನ್ನು ಕೈಯಿಂದಲೇ ಸೇರಿಸುತ್ತಾರೆ. ಬಟ್ಟೆಯ ಮೇಲೆ ಗೆರೆಯಿಲ್ಲ. ವಿನ್ಯಾಸವು ಉಸ್ತಾದನ ನೆನಪಿನಲ್ಲಿರುತ್ತದೆ. ಅವನು ಎಣಿಕೆ ಹೇಳುತ್ತಾನೆ, ಶಿಷ್ಯ ಅನುಸರಿಸುತ್ತಾನೆ. ಕಂಠಪಾಠದಿಂದ ವಿದ್ಯೆ ದಾಟಿಸುವ ಮದ್ರಸದ ಕ್ರಮವನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಸೂಕ್ಷ್ಮ ವಿನ್ಯಾಸದ ಒಂದು ಸೀರೆಗೆ ತಿಂಗಳುಗಳೇ ಹಿಡಿಯುತ್ತವೆ.

ಆಂಗ್ಲರು ಈ ನೇಕಾರರ ಹೆಬ್ಬೆರಳುಗಳನ್ನು ಕಡಿಸಿದರೆಂಬ ಕಥೆಯನ್ನು ನಾವೆಲ್ಲರೂ ಕೇಳಿದ್ದೇವೆ. ಆದರೆ ಕೇಳಿದ ಸುದ್ದಿಯನ್ನು ಪರಿಶೀಲಿಸಬೇಕೆಂಬುದು ಕುರ್‌ಆನಿನ ಆದೇಶ. ಕಂಪೆನಿಯಲ್ಲೇ ನೌಕರನಾಗಿದ್ದ ವಿಲಿಯಂ ಬೋಲ್ಟ್ಸ್ 1772ರಲ್ಲಿ ಬರೆದದ್ದು ಬೇರೆ: ಬಲವಂತದ ದುಡಿಮೆಯಿಂದ ಪಾರಾಗಲು ರೇಷ್ಮೆ ನೂಲು ಸುತ್ತುವವರು ತಮ್ಮ ಹೆಬ್ಬೆರಳುಗಳನ್ನು ತಾವೇ ಕತ್ತರಿಸಿಕೊಂಡರು.

ಇದು ದಬ್ಬಾಳಿಕೆಯನ್ನು ಹಗುರಗೊಳಿಸುವುದಿಲ್ಲ, ಇನ್ನಷ್ಟು ಘೋರವಾಗಿಸುತ್ತದೆ. 1765ರಲ್ಲಿ ಬಂಗಾಳದ ದಿವಾನಿ ಕಂಪೆನಿಯ ಕೈಸೇರಿತು. ಅದರ ಗುಮಾಸ್ತರು ನೇಕಾರರಿಗೆ ಒತ್ತಾಯದಿಂದ ಮುಂಗಡ ಕೊಟ್ಟು, ಬೇರೆಯವರಿಗೆ ನೆಯ್ಯದಂತೆ ಕಟ್ಟಿಹಾಕಿದರು. ಬಟ್ಟೆಯ ಬೆಲೆ ಪೇಟೆಯ ದರಕ್ಕಿಂತ ಶೇಕಡಾ 15ರಿಂದ 40ರಷ್ಟು ಕಡಿಮೆಯಿತ್ತೆಂದು ಬೋಲ್ಟ್ಸ್ ದಾಖಲಿಸಿದ್ದಾನೆ. ಒಪ್ಪದವರಿಗೆ ದಂಡ, ಸೆರೆ, ಛಡಿಯೇಟು. ಮುಂದೆ ಇಂಗ್ಲೆಂಡಿನ ಆಮದು ಸುಂಕ ಮತ್ತು ಗಿರಣಿ ಬಟ್ಟೆ ಉಳಿದುದನ್ನೂ ಮುಗಿಸಿದವು. ಅತಿಸೂಕ್ಷ್ಮ ಮಸ್ಲಿನ್ ಮರೆಯಾಯಿತು; ಜಾಮ್ದಾನಿ ಹೇಗೋ ಉಳಿಯಿತು.

2013ರಲ್ಲಿ ಯುನೆಸ್ಕೊ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೆ ಗೌರವದಿಂದ ಮಾತ್ರ ಮಗ್ಗ ನಡೆಯದು. ಯಂತ್ರದಲ್ಲಿ ನೆಯ್ದ ಅಗ್ಗದ ಸೀರೆಗಳು ಇಂದು ಅದೇ ಹೆಸರಿನಲ್ಲಿ ಮಾರಾಟವಾಗುತ್ತಿವೆ. ದುಡಿದವನ ಕೂಲಿಯನ್ನು ತಡಮಾಡದೆ ಸಲ್ಲಿಸಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮದುವೆಯ ಜವಳಿಗೆ ಹೋದಾಗ ಕೈಮಗ್ಗದ ಸೀರೆಯ ಬೆಲೆಯನ್ನು ಚೌಕಾಸಿ ಮಾಡುವ ಮುನ್ನ, ಆ ಬೆಲೆಯಲ್ಲಿ ನೆಯ್ದವನ ಪಾಲೆಷ್ಟು ಎಂದು ನಾವು ಒಮ್ಮೆ ಯೋಚಿಸೋಣ.