ಜೋಡಿ ಆಟದ ಚರಿತ್ರೆ: ಸಾನಿಯಾ ಮಿರ್ಜಾ ಅವರ ವೃತ್ತಿಜೀವನ ಮತ್ತು ಕರ್ನಾಟಕ

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಇಂದು ಹಾವೇರಿ ಜಿಲ್ಲೆಗೆ ಸೇರಿವೆ. ಆದರೆ ಅವುಗಳ ಆಡಳಿತ ಚರಿತ್ರೆ ಒಂದೇ ಬಗೆಯದಲ್ಲ. ಸವಣೂರು ೧೯೪೮ರವರೆಗೆ ನವಾಬರ ಸಂಸ್ಥಾನವಾಗಿತ್ತು. ಉಳಿದ ಮೂರು ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿಗ್ಗಾಂವಿಯು ಬಂಕಾಪುರ ತಾಲ್ಲೂಕಿನ, ಹಿರೇಕೆರೂರು ಕೋಡ ತಾಲ್ಲೂಕಿನ ಕೇಂದ್ರಸ್ಥಳಗಳಾಗಿದ್ದವು. ಆಳಿದವರು ಬೇರೆಯಾದರೂ ಈ ನಾಲ್ಕೂ ಕಡೆಯ ಜನ ಆಡಿದ ಆಟಗಳು ಬಹುಮಟ್ಟಿಗೆ ಒಂದೇ ಆಗಿದ್ದವು. ಗರಡಿಯ ಕುಸ್ತಿ, ದೀಪಾವಳಿಯ ನಂತರದ ಹೋರಿ ಬೆದರಿಸುವ ಸ್ಪರ್ಧೆ, ಶಾಲೆಯ ಬಯಲಿನ ಕಬಡ್ಡಿ ಮತ್ತು ಖೊ ಖೊ ಇವುಗಳಲ್ಲಿ ಮುಖ್ಯವಾದವು. ಬ್ರಿಟಿಷ್ ಅಧಿಕಾರಿಗಳ ಜಿಮ್ಖಾನಾಗಳ ಮೂಲಕ ಭಾರತಕ್ಕೆ ಬಂದ ಟೆನಿಸ್ ಇಂತಹ ಪ್ರದೇಶಗಳ ಜನಜೀವನದೊಳಗೆ ಇಳಿಯಲಿಲ್ಲ. ಅದಕ್ಕೆ ಬೇಕಾದ ಅಂಕಣ, ಬಲೆ, ರ‍್ಯಾಕೆಟ್ಟುಗಳಿಗಿಂತಲೂ ಹೆಚ್ಚಾಗಿ ಅದಕ್ಕೆ ಬೇಕಾದ ಕ್ಲಬ್ಬಿನ ಸದಸ್ಯತ್ವವೇ ಅಡ್ಡಗೋಡೆಯಾಯಿತು.

ಆದರೂ ಟೆನಿಸ್‌ನ ಚರಿತ್ರೆಯನ್ನು ಇಂತಹ ನೆಲದಲ್ಲಿ ನಿಂತು ನೋಡುವುದರಿಂದ ಒಂದು ಪ್ರಯೋಜನವಿದೆ. ಪೇಟೆಯ ಕ್ಲಬ್ಬಿನಿಂದ ನೋಡುವವರು ಸಿಂಗಲ್ಸ್ ಆಟವನ್ನೇ ಟೆನಿಸ್ ಎಂದು ಭಾವಿಸುತ್ತಾರೆ. ಡಬಲ್ಸ್ ಅವರಿಗೆ ಎರಡನೆಯ ದರ್ಜೆಯ ಆಟ. ಖೊ ಖೊ ಮತ್ತು ಕಬಡ್ಡಿ ಬೆಳೆದ ನಾಡಿಗೆ ಹಾಗನ್ನಿಸಬೇಕಾದ ಕಾರಣವಿಲ್ಲ. ೨೦೨೩ರಲ್ಲಿ ನಿವೃತ್ತರಾದ ಸಾನಿಯಾ ಮಿರ್ಜಾ ಅವರ ವೃತ್ತಿಜೀವನವನ್ನು ಈ ನೋಟದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪೂರ್ವಪರಂಪರೆ

ಅಂತಾರಾಷ್ಟ್ರೀಯ ಟೆನಿಸ್‌ನಲ್ಲಿ ಭಾರತೀಯ ಮಹಿಳೆಯರ ಹೆಜ್ಜೆಗುರುತುಗಳು ವಿರಳ. ೧೯೩೪ರಲ್ಲಿ ಲೀಲಾ ರಾವ್ ವಿಂಬಲ್ಡನ್‌ನಲ್ಲಿ ಪಂದ್ಯವೊಂದನ್ನು ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ೧೯೫೨ರಲ್ಲಿ ರೀಟಾ ದಾವರ್ ಅದೇ ಟೂರ್ನಿಯ ಬಾಲಕಿಯರ ವಿಭಾಗದ ಅಂತಿಮ ಪಂದ್ಯ ತಲುಪಿದರು. ೧೯೬೮ರಲ್ಲಿ ದೊಡ್ಡ ಟೂರ್ನಿಗಳು ವೃತ್ತಿಪರ ಆಟಗಾರರಿಗೆ ತೆರೆದುಕೊಂಡವು. ೧೯೭೩ರಲ್ಲಿ ಬಿಲ್ಲಿ ಜೀನ್ ಕಿಂಗ್ ಅವರ ನೇತೃತ್ವದಲ್ಲಿ ಮಹಿಳಾ ಟೆನಿಸ್ ಸಂಘಟನೆ ಸ್ಥಾಪನೆಯಾಯಿತು. ಅಲ್ಲಿಂದ ಮುಂದೆ ಟೆನಿಸ್ ಎಂಬುದು ವರ್ಷವಿಡೀ ಖಂಡದಿಂದ ಖಂಡಕ್ಕೆ ಸಂಚರಿಸಿ ರ‍್ಯಾಂಕಿಂಗ್ ಅಂಕ ಗಳಿಸುವ ದುಡಿಮೆಯಾಯಿತು. ಐವತ್ತೆರಡು ವಾರಗಳಲ್ಲಿ ಗಳಿಸಿದ ಅಂಕಗಳು ಮರುವರ್ಷ ಅದೇ ವಾರ ಕಳಚಿಹೋಗುವುದರಿಂದ ಇಲ್ಲಿ ನಿಂತಲ್ಲೇ ನಿಲ್ಲಬೇಕಾದರೂ ಓಡುತ್ತಲೇ ಇರಬೇಕು. ಪ್ರಯಾಣ, ತರಬೇತಿ, ಚಿಕಿತ್ಸೆಗಳ ವೆಚ್ಚವನ್ನು ಆಟಗಾರ್ತಿಯೇ ಭರಿಸಬೇಕು. ಈ ವ್ಯವಸ್ಥೆಯೊಳಗೆ ಭಾರತೀಯ ಮಹಿಳೆಗೆ ಮೊದಲ ದಾರಿ ತೆರೆದವರು ಕೊಯಮತ್ತೂರಿನ ನಿರುಪಮಾ ವೈದ್ಯನಾಥನ್. ೧೯೯೮ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅವರು ಗಳಿಸಿದ ಗೆಲುವು ಈ ಕಾಲಘಟ್ಟದಲ್ಲಿ ಗ್ರ್ಯಾನ್‌ಸ್ಲಾಮ್ ಪ್ರಧಾನ ಸುತ್ತಿನಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಸಿಂಗಲ್ಸ್ ಗೆಲುವು.

ಏರಿಕೆ

ಸಾನಿಯಾ ೧೯೮೬ರ ನವೆಂಬರ್ ೧೫ರಂದು ಮುಂಬಯಿಯಲ್ಲಿ ಜನಿಸಿ ಹೈದರಾಬಾದಿನಲ್ಲಿ ಬೆಳೆದರು. ಆರನೆಯ ವಯಸ್ಸಿನಲ್ಲಿ ರ‍್ಯಾಕೆಟ್ ಹಿಡಿದ ಅವರಿಗೆ ತಂದೆ ಇಮ್ರಾನ್ ಮಿರ್ಜಾ ಅವರೇ ಮಾರ್ಗದರ್ಶಕರಾದರು. ತಾವು ಆರಂಭದಲ್ಲಿ ಆಡಿದ್ದು ಸಗಣಿ ಸಾರಿಸಿದ ಅಂಕಣಗಳಲ್ಲಿ ಎಂದು ಅವರು ಮುಂದೆ ಹಲವು ಸಲ ನೆನೆದಿದ್ದಾರೆ. ಸಗಣಿ ಸಾರಿಸಿದ ಅಂಗಳವನ್ನು ಕಣ್ಣಾರೆ ಕಂಡ ಓದುಗರಿಗೆ ಆ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವದರ್ಜೆಯ ಸೌಕರ್ಯದಿಂದಲ್ಲ, ಒಂದು ಕುಟುಂಬದ ಹಟದಿಂದ ಈ ವೃತ್ತಿಜೀವನ ರೂಪುಗೊಂಡಿತು ಎಂಬುದು ಗಮನಾರ್ಹ.

೨೦೦೩ರಲ್ಲಿ ರಷ್ಯಾದ ಅಲಿಸಾ ಕ್ಲೆಬನೊವಾ ಅವರೊಡನೆ ವಿಂಬಲ್ಡನ್ ಬಾಲಕಿಯರ ಡಬಲ್ಸ್ ಪ್ರಶಸ್ತಿ ದೊರೆಯಿತು. ಆದರೆ ದೇಶದ ಗಮನ ಸೆಳೆದದ್ದು ೨೦೦೫ರ ಸಿಂಗಲ್ಸ್ ಸಾಧನೆ. ಆ ವರ್ಷ ಅವರು ಆಸ್ಟ್ರೇಲಿಯನ್ ಓಪನ್‌ನ ಮೂರನೆಯ ಸುತ್ತು ತಲುಪಿ ಸೆರೆನಾ ವಿಲಿಯಮ್ಸ್ ಅವರಿಗೆ ಸೋತರು. ಫೆಬ್ರವರಿಯಲ್ಲಿ ಹೈದರಾಬಾದ್ ಓಪನ್ ಅಂತಿಮ ಪಂದ್ಯದಲ್ಲಿ ಉಕ್ರೇನಿನ ಅಲ್ಯೋನಾ ಬೊಂಡರೆಂಕೊ ಅವರನ್ನು ೬-೪, ೫-೭, ೬-೩ರಿಂದ ಸೋಲಿಸಿ ಮಹಿಳಾ ಟೆನಿಸ್ ಸಂಘಟನೆಯ ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳೆನಿಸಿದರು. ಅಮೆರಿಕನ್ ಓಪನ್‌ನ ನಾಲ್ಕನೆಯ ಸುತ್ತಿನಲ್ಲಿ ಮರಿಯಾ ಶರಪೋವಾ ಅವರನ್ನು ಎದುರಿಸಿದರು. ೨೦೦೭ರ ಆಗಸ್ಟ್‌ನಲ್ಲಿ ಸಿಂಗಲ್ಸ್ ರ‍್ಯಾಂಕಿಂಗ್‌ನ ೨೭ನೆಯ ಸ್ಥಾನಕ್ಕೇರಿದರು. ಸಿಂಗಲ್ಸ್‌ನಲ್ಲಿ ಅದೇ ಅವರ ಶಿಖರವಾಯಿತು.

ಬೆಂಗಳೂರಿನ ಎರಡು ವರ್ಷಗಳು

ಕರ್ನಾಟಕದ ಮಟ್ಟಿಗೆ ಈ ಚರಿತ್ರೆಯಲ್ಲಿ ಎರಡು ವರ್ಷಗಳು ಮುಖ್ಯ. ೨೦೦೬ರಲ್ಲಿ ಬೆಂಗಳೂರಿನ ಮಹಿಳಾ ಟೂರ್ನಿಯಲ್ಲಿ ಸಾನಿಯಾ ಲೀಜೆಲ್ ಹ್ಯೂಬರ್ ಅವರೊಡನೆ ಡಬಲ್ಸ್ ಪ್ರಶಸ್ತಿ ಗೆದ್ದರು. ೨೦೦೮ರಲ್ಲಿ ಅದೇ ಟೂರ್ನಿ ಇನ್ನೂ ದೊಡ್ಡದಾಗಿ ಬೆಳೆದು ಸೆರೆನಾ ಮತ್ತು ವೀನಸ್ ವಿಲಿಯಮ್ಸ್ ಸೋದರಿಯರನ್ನು ಬರಮಾಡಿಕೊಂಡಿತು. ಸೆರೆನಾ ಪ್ರಶಸ್ತಿ ಗೆದ್ದರು. ಆದರೆ ದೇಶದ ಅಗ್ರ ಆಟಗಾರ್ತಿ ಆ ಅಂಕಣಕ್ಕೆ ಇಳಿಯಲಿಲ್ಲ. ಉಡುಪಿನ ಬಗೆಗಿನ ಆಕ್ಷೇಪ, ಮಸೀದಿಯ ಆವರಣದಲ್ಲಿ ನಡೆದ ಜಾಹೀರಾತು ಚಿತ್ರೀಕರಣದ ವಿವಾದ, ರಾಷ್ಟ್ರಧ್ವಜಕ್ಕೆ ಅಗೌರವ ತೋರಿದರೆಂಬ ದೂರು ಇವು ಒಂದರ ಮೇಲೊಂದು ಬಂದಿದ್ದವು. ಭಾರತದಲ್ಲಿ ಆಡಿದಾಗಲೆಲ್ಲ ವಿವಾದ ಎದುರಾಗುತ್ತಿದೆ ಎಂದು ಹೇಳಿ ಅವರು ಹಿಂದೆ ಸರಿದರು. ಆಗ ಅವರ ವಯಸ್ಸು ಇಪ್ಪತ್ತೊಂದು. ಮನೆಯಂಗಳದ ಟೂರ್ನಿಯಿಂದಲೇ ಒಬ್ಬ ಆಟಗಾರ್ತಿ ದೂರ ಉಳಿಯಬೇಕಾಗಿ ಬಂದ ಈ ಪ್ರಸಂಗ, ಮಹಿಳೆಯ ಕ್ರೀಡಾಜೀವನದ ಮೇಲೆ ಸಮಾಜ ಹೇರುವ ಭಾರವನ್ನು ಯಾವ ಅಂಕಿಅಂಶಕ್ಕಿಂತಲೂ ಸ್ಪಷ್ಟವಾಗಿ ತೋರಿಸುತ್ತದೆ.

ಗಾಯ ಮತ್ತು ಎರಡನೆಯ ವೃತ್ತಿ

ಅದೇ ವರ್ಷ ಇನ್ನೊಂದು ಭಾರ ದೇಹದ ಮೇಲೆ ಬಿದ್ದಿತು. ೨೦೦೮ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಮಣಿಕಟ್ಟಿನ ನೋವಿನಿಂದ ಸಿಂಗಲ್ಸ್ ಪಂದ್ಯವನ್ನು ಅರ್ಧಕ್ಕೇ ಬಿಡಬೇಕಾಯಿತು. ಮಣಿಕಟ್ಟು ಮತ್ತು ಮೊಣಕಾಲಿನ ಶಸ್ತ್ರಚಿಕಿತ್ಸೆಗಳು ಅವರ ಆಟದ ಸ್ವರೂಪವನ್ನೇ ಬದಲಿಸಿದವು. ಅವರ ಬಲವಿದ್ದುದು ಫೋರ್‌ಹ್ಯಾಂಡ್ ಹೊಡೆತದಲ್ಲಿ. ಸರ್ವ್ ಮತ್ತು ಅಂಕಣದುದ್ದಕ್ಕೂ ಓಡುವ ವೇಗ ಅಷ್ಟು ಬಲವಾಗಿರಲಿಲ್ಲ. ಸಿಂಗಲ್ಸ್‌ನಲ್ಲಿ ಈ ಕೊರತೆಯನ್ನು ಪ್ರತಿ ಚೆಂಡಿಗೂ ಓಡಿಯೇ ತುಂಬಬೇಕು. ಡಬಲ್ಸ್‌ನಲ್ಲಿ ಕಾಯಬೇಕಾದ ನೆಲ ಕಡಿಮೆ. ಚೆಂಡಿನ ಮರಳುವಿಕೆ, ಜೊತೆಗಾರರ ನಿಲುವಿನ ಅರಿವು ಮತ್ತು ಒಂದೇ ಹೊಡೆತದ ತೀಕ್ಷ್ಣತೆ ಇವು ನಿರ್ಣಾಯಕ. ಆದುದರಿಂದ ಕ್ರಮೇಣ ಸಿಂಗಲ್ಸ್ ತ್ಯಜಿಸಿ ಡಬಲ್ಸ್ ಒಂದನ್ನೇ ಆರಿಸಿಕೊಂಡದ್ದನ್ನು ಹಿಂಜರಿಕೆಯೆಂದು ಕರೆಯಲಾಗದು. ಅದು ತನ್ನ ದೇಹವನ್ನೂ ತನ್ನ ಆಟವನ್ನೂ ಸರಿಯಾಗಿ ಓದಿಕೊಂಡು ಮಾಡಿದ ತೀರ್ಮಾನ.

ಫಲಿತಾಂಶ ಆ ತೀರ್ಮಾನವನ್ನು ಸಮರ್ಥಿಸಿತು. ಬೆಂಗಳೂರಿನೊಡನೆ ನಿಕಟ ನಂಟುಳ್ಳ ಮಹೇಶ್ ಭೂಪತಿ ಅವರೊಡನೆ ೨೦೦೯ರಲ್ಲಿ ಆಸ್ಟ್ರೇಲಿಯನ್ ಓಪನ್, ೨೦೧೨ರಲ್ಲಿ ಫ್ರೆಂಚ್ ಓಪನ್, ೨೦೧೪ರಲ್ಲಿ ಬ್ರೆಜಿಲ್‌ನ ಬ್ರೂನೊ ಸೋರೆಸ್ ಅವರೊಡನೆ ಅಮೆರಿಕನ್ ಓಪನ್ ಮಿಶ್ರ ಡಬಲ್ಸ್ ಪ್ರಶಸ್ತಿಗಳು ಬಂದವು. ೨೦೧೫ರಲ್ಲಿ ಸ್ವಿಟ್ಜರ್ಲೆಂಡಿನ ಮಾರ್ಟಿನಾ ಹಿಂಗಿಸ್ ಜೊತೆಯಾದರು. ಹಿಂಗಿಸ್ ಅವರ ಬಲೆಯ ಬಳಿಯ ಚಾತುರ್ಯ ಮತ್ತು ಸಾನಿಯಾ ಅವರ ಫೋರ್‌ಹ್ಯಾಂಡ್ ಪರಸ್ಪರ ಪೂರಕವಾದವು. ಆ ವರ್ಷದ ಏಪ್ರಿಲ್ ೧೩ರಂದು ಸಾನಿಯಾ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು; ಭಾರತೀಯ ಮಹಿಳೆಯೊಬ್ಬರಿಗೆ ಈ ಸ್ಥಾನ ದಕ್ಕಿದ್ದು ಅದೇ ಮೊದಲು. ಒಟ್ಟು ೯೧ ವಾರ ಅವರು ಆ ಸ್ಥಾನದಲ್ಲಿದ್ದರು. ೨೦೧೫ರ ವಿಂಬಲ್ಡನ್ ಅಂತಿಮ ಪಂದ್ಯದಲ್ಲಿ ಈ ಜೋಡಿ ಮೊದಲ ಸೆಟ್ ಕಳೆದುಕೊಂಡೂ ಮಕರೋವಾ ಮತ್ತು ವೆಸ್ನಿನಾ ಅವರನ್ನು ೫-೭, ೭-೬, ೭-೫ರಿಂದ ಮಣಿಸಿತು. ಅದೇ ವರ್ಷದ ಅಮೆರಿಕನ್ ಓಪನ್ ಮತ್ತು ೨೦೧೬ರ ಆಸ್ಟ್ರೇಲಿಯನ್ ಓಪನ್ ಕೂಡ ಇವರ ಪಾಲಾದವು. ಸತತ ೪೧ ಪಂದ್ಯಗಳನ್ನು ಈ ಜೋಡಿ ಗೆದ್ದಿತು. ಆರು ಗ್ರ್ಯಾನ್‌ಸ್ಲಾಮ್ ಮತ್ತು ಮಹಿಳಾ ಟೆನಿಸ್ ಸಂಘಟನೆಯ ೪೩ ಡಬಲ್ಸ್ ಪ್ರಶಸ್ತಿಗಳು ಸಾನಿಯಾ ಅವರ ಒಟ್ಟು ಗಳಿಕೆ.

ಜೊತೆಗಾರರು

ಜೋಡಿ ಆಟದ ಚರಿತ್ರೆಯೆಂದರೆ ಜೊತೆಗಾರರ ಚರಿತ್ರೆಯೂ ಹೌದು. ಸಾನಿಯಾ ಹದಿನಾಲ್ಕರ ಹರೆಯದಲ್ಲಿ ಮಿಶ್ರ ಡಬಲ್ಸ್ ಆಡಿದಾಗ ಮೊದಲ ಜೊತೆಗಾರರಾಗಿದ್ದವರು ಕೊಡಗಿನ ರೋಹನ್ ಬೋಪಣ್ಣ. ಇವರಿಬ್ಬರೂ ೨೦೧೬ರ ರಿಯೊ ಒಲಿಂಪಿಕ್ಸ್‌ನಲ್ಲಿ ಸೆಮಿಫೈನಲ್ ತಲುಪಿ, ಕಂಚಿನ ಪಂದ್ಯದಲ್ಲಿ ಸೋತು ನಾಲ್ಕನೆಯವರಾದರು. ೨೦೧೪ರ ಇಂಚೆನ್ ಏಷ್ಯನ್ ಕ್ರೀಡಾಕೂಟದಲ್ಲಿ ಸಾಕೇತ್ ಮೈನೇನಿ ಅವರೊಡನೆ ಚಿನ್ನ ಗೆದ್ದ ಸಾನಿಯಾ, ಗಡಿಜಿಲ್ಲೆ ಸೊಲ್ಲಾಪುರದ ಬಾರ್ಶಿಯ ಪ್ರಾರ್ಥನಾ ಥೊಂಬರೆ ಅವರೊಡನೆ ಮಹಿಳಾ ಡಬಲ್ಸ್‌ನ ಕಂಚು ಪಡೆದರು. ಮಹಾನಗರದ ಹೊರಗಿನಿಂದ ಬಂದ ಕಿರಿಯ ಆಟಗಾರ್ತಿಯೊಬ್ಬಳನ್ನು ವಿಶ್ವವೇದಿಕೆಗೆ ಕರೆದೊಯ್ಯಲು ಡಬಲ್ಸ್ ಹೇಗೆ ಸೇತುವೆಯಾಗಬಲ್ಲದು ಎಂಬುದಕ್ಕೆ ಇದು ನಿದರ್ಶನ.

೨೦೧೮ರಲ್ಲಿ ತಾಯಿಯಾದ ನಂತರ ೨೦೨೦ರ ಜನವರಿಯಲ್ಲಿ ಅಂಕಣಕ್ಕೆ ಮರಳಿದ ಸಾನಿಯಾ, ಮೊದಲ ಟೂರ್ನಿಯಾದ ಹೋಬಾರ್ಟ್‌ನಲ್ಲೇ ಉಕ್ರೇನಿನ ನಾದಿಯಾ ಕಿಚೆನೊಕ್ ಅವರೊಡನೆ ಪ್ರಶಸ್ತಿ ಗೆದ್ದರು. ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್ ಅವರ ನಾಲ್ಕನೆಯದು. ೨೦೨೩ರ ಜನವರಿಯ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅವರ ಕೊನೆಯ ಗ್ರ್ಯಾನ್‌ಸ್ಲಾಮ್ ಪಂದ್ಯದ ಜೊತೆಗಾರರು ಮತ್ತೆ ಬೋಪಣ್ಣ ಅವರೇ; ಮಿಶ್ರ ಡಬಲ್ಸ್‌ನ ಆ ಅಂತಿಮ ಪಂದ್ಯದಲ್ಲಿ ಇಬ್ಬರೂ ಸೋತರು. ಮುಂದಿನ ತಿಂಗಳು ದುಬೈಯಲ್ಲಿ ವೃತ್ತಿಪರ ಆಟಕ್ಕೆ ವಿದಾಯ ಹೇಳಿದ ಅವರು ಮಾರ್ಚ್ ೫ರಂದು ಹೈದರಾಬಾದಿನ ಲಾಲ್ ಬಹಾದೂರ್ ಕ್ರೀಡಾಂಗಣದಲ್ಲಿ ಪ್ರದರ್ಶನ ಪಂದ್ಯ ಆಡಿದರು. ಅರ್ಜುನ, ಖೇಲ್‌ರತ್ನ, ಪದ್ಮಶ್ರೀ ಮತ್ತು ಪದ್ಮಭೂಷಣ ಗೌರವಗಳು ಅದಾಗಲೇ ಸಂದಿದ್ದವು.

ಸಮಾರೋಪ

ಈ ವೃತ್ತಿಜೀವನವನ್ನು ೨೭ನೆಯ ಸ್ಥಾನಕ್ಕೇರಿ ಕೆಳಗಿಳಿದ ಕಥೆಯೆಂದು ಬರೆಯುವುದು ಸಾಧ್ಯ. ಹಾಗೆ ಬರೆದವರೂ ಇದ್ದಾರೆ. ಅದು ಸಿಂಗಲ್ಸ್ ಒಂದನ್ನೇ ಅಳತೆಗೋಲಾಗಿ ಇಟ್ಟುಕೊಂಡವರ ಚರಿತ್ರೆ. ಖೊ ಖೊ ಆಡುವಾಗ ಅಟ್ಟಿಸಿಕೊಂಡು ಹೋಗುವವಳು ತನ್ನ ಓಟ ಮುಗಿದಲ್ಲಿ ಕುಳಿತ ಗೆಳತಿಯ ಬೆನ್ನು ತಟ್ಟಿ ‘ಖೊ’ ಕೊಡುತ್ತಾಳೆ, ಆಟ ನಿಲ್ಲುವುದಿಲ್ಲ. ಖೊ ಕೊಟ್ಟವಳು ಸೋತಳೆಂದು ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಯಾರೂ ಭಾವಿಸುವುದಿಲ್ಲ. ಯಾವಾಗ ಕೊಡಬೇಕೆಂದು ತಿಳಿದವಳೇ ಒಳ್ಳೆಯ ಆಟಗಾರ್ತಿ. ಮಣಿಕಟ್ಟು ಸೋತಾಗ ಸಾನಿಯಾ ಮಿರ್ಜಾ ಮಾಡಿದ್ದು ಇದನ್ನೇ. ಒಬ್ಬಳೇ ಓಡುವುದನ್ನು ನಿಲ್ಲಿಸಿ ಜೊತೆಗೂಡಿ ಆಡುವುದನ್ನು ಆರಿಸಿದರು; ಅದರಿಂದಾಗಿ ಅವರ ಆಟ ಇನ್ನೂ ಹತ್ತು ವರ್ಷ ಬಾಳಿತು, ವಿಶ್ವದ ಅಗ್ರಸ್ಥಾನವೂ ಅವರದಾಯಿತು.

ಮಹಿಳಾ ಕ್ರೀಡೆಯ ಚರಿತ್ರೆಯನ್ನು ಬರೆಯುವವರು ಈ ಅಳತೆಗೋಲನ್ನು ಗಂಭೀರವಾಗಿ ಪರಿಗಣಿಸಬೇಕಾಗಿದೆ. ಕ್ಲಬ್ಬಿನ ಗೋಡೆಯಾಚೆ ನಿಂತ ತಾಲ್ಲೂಕುಗಳ ಹೆಣ್ಣುಮಕ್ಕಳಿಗೆ ಟೆನಿಸ್ ಅಂಕಣ ಎಂದು ದೊರೆಯುತ್ತದೆ ಎಂಬುದು ಆಡಳಿತ ಉತ್ತರಿಸಬೇಕಾದ ಪ್ರಶ್ನೆ. ಆದರೆ ಅಲ್ಲಿ ಆಡಲು ಬೇಕಾದ ತಿಳಿವಳಿಕೆಯ ಒಂದು ಪಾಲು ಅವರ ಶಾಲೆಯ ಬಯಲಿನಲ್ಲಿ ಈಗಾಗಲೇ ಇದೆ.